ಗ್ರೀಸ್‌ಗೆ ಬೆಂಕಿ ಹತ್ತುತ್ತಾ? ಹಾಸನದ ಒಂದು ಡಿ ಅಂಡ್ ಡಿ ಟೇಬಲ್‌ನ ಪ್ರಕರಣ

ಹಾಸನದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವ ಒಂದು ಸಣ್ಣ ಗುಂಪಿದೆ. ಅಲ್ಲಿ ‘ಗ್ರೀಸ್’ ಅನ್ನುವ ಒಂದೇ ಒಂದು ಸ್ಪೆಲ್‌ನ (ನೆಲವನ್ನು ಜಿಡ್ಡು ಮಾಡುವ ಮಂತ್ರದ) ಮೇಲೆ ತಕರಾರು ಶುರುವಾಗಿ, ಕೊನೆಗೆ ಒಬ್ಬಳು ಆಟವನ್ನೇ ಬಿಟ್ಟು ಹೋದಳು. ಆಮೇಲೆ ಅದು ಅಷ್ಟೋ ಇಷ್ಟೋ ಸರಿಯಾಯಿತು. ಅದರ ಪೂರ್ತಿ ವಿವರ ಇಲ್ಲಿದೆ. ನಾನು ಆ ಟೇಬಲ್‌ನವರಲ್ಲ, ಚಿಕ್ಕಮಗಳೂರಿನಲ್ಲಿ ಬೇರೆ ಗುಂಪು ನಡೆಸುತ್ತೇನೆ. ಜಗಳ ಬಗೆಹರಿಯದಿದ್ದಾಗ ಅವರ ಡಿಎಂ ನನಗೆ ಫೋನ್ ಮಾಡಿದ್ದರು. ಐದೂ ಜನರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕೆಲಸ, ಬಡಾವಣೆ ಯಾವುದನ್ನೂ ಹೇಳುವುದಿಲ್ಲ. ಕೆಲವು ವಿವರಗಳನ್ನು ಬೇಕಂತಲೇ ಬದಲಿಸಿದ್ದೇನೆ. ನಿಯಮ ಮತ್ತು ಲೆಕ್ಕವನ್ನು ಮಾತ್ರ ಮುಟ್ಟಿಲ್ಲ.

ಟೇಬಲ್

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಿಎಂ ಅಂದರೆ ಕಥೆ ನಡೆಸುವವರು. ಊರು, ಕಾಡು, ಶತ್ರು ಎಲ್ಲಾ ಅವರ ಕೈಯಲ್ಲಿ. ಉಳಿದವರು ತಲಾ ಒಂದು ಪಾತ್ರ ಆಡುತ್ತಾರೆ. ಏನಾದರೂ ಕಷ್ಟದ ಕೆಲಸಕ್ಕೆ ಕೈ ಹಾಕಿದರೆ ಇಪ್ಪತ್ತು ಮುಖದ ದಾಳ ಹಾಕಬೇಕು. ಆಟ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಈ ಗುಂಪು ಆಡುತ್ತಿದ್ದದ್ದು ಅದರ ಐದನೇ ಆವೃತ್ತಿ, ಅಂದರೆ 2014ರ ಪುಸ್ತಕ. ನಿಯಮ ಇಂಗ್ಲಿಷ್‌ನಲ್ಲಿ, ಆಟ ಮತ್ತು ಜಗಳ ಕನ್ನಡದಲ್ಲಿ.

ಡಿಎಂ ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವರು, ಎಲ್ಲರೂ ‘ಅಣ್ಣಾ’ ಅಂತಲೇ ಕರೆಯುತ್ತಾರೆ. ಆಟಗಾರರು ನಾಲ್ಕು ಜನ. ಅವರನ್ನು ಪಾತ್ರದ ಹೆಸರಿನಿಂದಲೇ ಕರೆಯುತ್ತೇನೆ: ವಿಝರ್ಡ್ (ಮಾಂತ್ರಿಕ), ರೋಗ್ (ಕಳ್ಳ), ಕ್ಲೆರಿಕ್ (ಗಾಯ ವಾಸಿಮಾಡುವ ಪೂಜಾರಿ), ಫೈಟರ್ (ಯೋಧೆ). ವಿಝರ್ಡ್ ಆಡುವ ಹುಡುಗ ಚುರುಕು, ಪುಸ್ತಕ ತಲೆಕೆಳಗಾಗಿ ಓದಿದವನು. ರೋಗ್ ಅವನ ಬಾಲ್ಯದ ಗೆಳೆಯ. ಕ್ಲೆರಿಕ್ ಆಡುವವರು ಗುಂಪಿಗೆಲ್ಲ ಅಕ್ಕ. ಫೈಟರ್ ಆಡುತ್ತಿದ್ದವಳು ಎಲ್ಲರಿಗಿಂತ ಹೊಸಬಳು. ನಿಯಮದ ಪುಸ್ತಕ ಓದಿರಲಿಲ್ಲ, ಓದುವ ಆಸೆಯೂ ಇರಲಿಲ್ಲ. ಕಥೆ ಕೇಳಲು, ಕತ್ತಿ ಬೀಸಲು ಬರುತ್ತಿದ್ದಳು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಬೆಂಕಿ

ಗ್ರೀಸ್ ಅನ್ನುವುದು ಒಂದನೇ ಹಂತದ ಸ್ಪೆಲ್ (ಹಂತ ಏರಿದಷ್ಟೂ ಸ್ಪೆಲ್‌ನ ಬಲ ಜಾಸ್ತಿ). 60 ಅಡಿಯೊಳಗೆ ಎಲ್ಲಾದರೂ ಒಂದು ಕಡೆ, 10 ಅಡಿ ಚೌಕದಷ್ಟು ನೆಲ ಜಿಡ್ಡಾಗುತ್ತದೆ. ಒಂದು ನಿಮಿಷ, ಅಂದರೆ ಆಟದ ಲೆಕ್ಕದಲ್ಲಿ 10 ಸುತ್ತು ಹಾಗೇ ಇರುತ್ತದೆ. ಅಲ್ಲಿ ನಿಂತವರು ಡೆಕ್ಸ್‌ಟೆರಿಟಿ ಸೇವ್, ಅಂದರೆ ಚುರುಕಿನಿಂದ ತಪ್ಪಿಸಿಕೊಳ್ಳಲು ದಾಳ, ಹಾಕಬೇಕು. ತಪ್ಪಿದರೆ ಜಾರಿ ಬೀಳುತ್ತಾರೆ. ಆಮೇಲೆ ಕಾಲಿಟ್ಟವರಿಗೂ, ತಮ್ಮ ಸರದಿ ಅಲ್ಲೇ ಮುಗಿಸಿದವರಿಗೂ ಅದೇ ಗತಿ. ಕಾನ್ಸನ್‌ಟ್ರೇಶನ್ (ಸ್ಪೆಲ್ ಉಳಿಸಿಕೊಳ್ಳಲು ಅದರ ಮೇಲೇ ಗಮನ ಇಡುವುದು) ಬೇಡ, ಹಾಕಿ ಮರೆತುಬಿಡಬಹುದು. ಸ್ಪೆಲ್‌ಗೆ ಬೇಕಾದ ಸಾಮಗ್ರಿ ಒಂದು ಚೂರು ಹಂದಿ ಚರ್ಮ ಇಲ್ಲವೇ ಬೆಣ್ಣೆ. ಬೆಂಕಿ ಅನ್ನುವ ಪದ 2014ರ ಬರಹದಲ್ಲಿ ಎಲ್ಲೂ ಇಲ್ಲ. ಹತ್ತುತ್ತದೆ ಅಂತಲೂ ಇಲ್ಲ, ಹತ್ತುವುದಿಲ್ಲ ಅಂತಲೂ ಇಲ್ಲ.

ಪಾತ್ರ ಬಲಿತಂತೆ ಅದರ ಲೆವೆಲ್ ಏರುತ್ತದೆ. ಎಲ್ಲರೂ ಒಂದನೇ ಲೆವೆಲ್‌ನಲ್ಲಿದ್ದಾಗ, ಒಂದು ಗುಹೆಯಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರು ಸುತ್ತುವರಿದರು. ವಿಝರ್ಡ್ ಗ್ರೀಸ್ ಹಾಕಿದ. ಮೂರು ಗಾಬ್ಲಿನ್ ಜಾರಿ ಬಿದ್ದವು. ಮುಂದಿನ ಸರದಿಯಲ್ಲಿ ಅವನು ಬೆಂಕಿ ಎಸೆಯುವ ಫೈರ್ ಬೋಲ್ಟ್ ಸ್ಪೆಲ್ ಹೊಡೆದು ಕೇಳಿದ: “ಅಣ್ಣಾ, ಬೆಣ್ಣೆಯಿಂದ ಮಾಡಿದ್ದಲ್ವಾ? ಹತ್ಕೊಳ್ಳಲ್ವಾ?”

ಡಿಎಂ ನಕ್ಕು ಹತ್ಕೊಳ್ತು ಅಂದುಬಿಟ್ಟರು. ಅದರೊಳಗೆ ಸರದಿ ಶುರುಮಾಡುವ ಪ್ರತಿಯೊಬ್ಬರಿಗೂ 2ಡಿ6 (ಆರು ಮುಖದ ಎರಡು ದಾಳದ ಮೊತ್ತದಷ್ಟು) ಡ್ಯಾಮೇಜ್, ಸೇವ್ ಇಲ್ಲ. ಎಲ್ಲರೂ ಕೂಗಾಡಿದರು. ಫೈಟರ್ ಆಡುತ್ತಿದ್ದವಳು ಆವತ್ತೇ ‘ಈ ಆಟ ಬಿಡಲ್ಲ’ ಅಂದಳಂತೆ. ಆ ಕ್ಷಣಕ್ಕೆ ಆ ತೀರ್ಮಾನ ಕೆಟ್ಟದ್ದು ಅಂತ ನನಗೆ ಅನ್ನಿಸುವುದಿಲ್ಲ. ಒಂದನೇ ಲೆವೆಲ್‌ನ ವಿಝರ್ಡ್‌ಗೆ ದಿನಕ್ಕೆ ಎರಡೇ ಸ್ಪೆಲ್ ಸ್ಲಾಟ್ (ಗ್ರೀಸ್‌ನಂಥ ಸ್ಪೆಲ್ ಹಾಕಲು ಸಿಗುವ ಅವಕಾಶ). ಗುಂಪು ಸಾಯುವ ಸ್ಥಿತಿಯಲ್ಲಿತ್ತು. ಹುಡುಗ ತಲೆ ಓಡಿಸಿದ, ಡಿಎಂ ಬಹುಮಾನ ಕೊಟ್ಟರು. ಆದರೆ ಅದು ಆವತ್ತಿಗೆ ಮಾತ್ರವೋ ಯಾವತ್ತಿಗೂವೋ ಅಂತ ಅವರು ಹೇಳಲಿಲ್ಲ, ಉಳಿದವರು ಕೇಳಲಿಲ್ಲ.

ಮೂರನೇ ಲೆವೆಲ್ ಹೊತ್ತಿಗೆ ವಿಝರ್ಡ್‌ಗೆ ಒಂದನೇ ಹಂತದ ನಾಲ್ಕು, ಎರಡನೇ ಹಂತದ ಎರಡು ಸ್ಲಾಟ್ ಬಂದಿತ್ತು. ಪ್ರತಿ ಹೊಡೆದಾಟವೂ ಒಂದೇ ತರ ಶುರುವಾಗತೊಡಗಿತು. ಗ್ರೀಸ್, ಬೆಂಕಿ, ಬಿದ್ದವರ ಮೇಲೆ ರೋಗ್‌ನ ಸ್ನೀಕ್ ಅಟ್ಯಾಕ್, ಅಂದರೆ ಸಂದು ನೋಡಿ ಹೊಡೆಯುವ ಜೋರು ಏಟು. ಬಿದ್ದವರು ಎದ್ದೇಳಲು ಒಂದು ಸರದಿಯ 30 ಅಡಿ ಓಟದಲ್ಲಿ ಅರ್ಧ ಖರ್ಚು ಮಾಡಬೇಕು. ಉಳಿದ 15 ಅಡಿಯಲ್ಲಿ ಜಿಡ್ಡು ನೆಲದ ಪ್ರತಿ ಅಡಿಗೂ ಎರಡಡಿ ಲೆಕ್ಕ. ಆಚೆ ಬರುವುದೇ ಕಷ್ಟ. ಇಡೀ ಕಥೆಯ ದೊಡ್ಡ ಖಳ, ಡಕಾಯಿತರ ನಾಯಕ, ಮೂರನೇ ಸುತ್ತು ಮುಗಿಯುವ ಮೊದಲೇ ಸತ್ತ. ಡಿಎಂ ಅವನಿಗಾಗಿ ಬರೆದಿಟ್ಟ ಮಾತುಗಳು ಹಾಗೇ ಉಳಿದವು.

ಇಲ್ಲಿ ಲೆಕ್ಕ ನೋಡಬೇಕು. ಫ್ಲೇಮಿಂಗ್ ಸ್ಫಿಯರ್ ಎರಡನೇ ಹಂತದ ಸ್ಪೆಲ್. ಅದೂ 2ಡಿ6 ಬೆಂಕಿಯೇ, ಆದರೆ ಸೇವ್ ಗೆದ್ದರೆ ಅರ್ಧ, ಮೇಲೆ ಕಾನ್ಸನ್‌ಟ್ರೇಶನ್ ಬೇರೆ ಬೇಕು. ಬರ್ನಿಂಗ್ ಹ್ಯಾಂಡ್ಸ್ ಒಂದನೇ ಹಂತದ್ದು. 3ಡಿ6, ಅದಕ್ಕೂ ಸೇವ್ ಉಂಟು, ಒಂದು ಸಲ ಉರಿದು ಮುಗಿಯಿತು. ಈ ಟೇಬಲ್‌ನ ಗ್ರೀಸ್ ಮಾತ್ರ ಜಾರಿಸುತ್ತದೆ, ತಡೆಯುತ್ತದೆ, ನಿಮಿಷ ಪೂರ್ತಿ ಸುಡುತ್ತದೆ, ಸೇವ್ ಇಲ್ಲ, ಕಾನ್ಸನ್‌ಟ್ರೇಶನ್ ಇಲ್ಲ. ಒಂದು ಸ್ಪೆಲ್ ತನ್ನ ಮೇಲಿನ ಹಂತದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತಿದೆ ಅಂದರೆ ಅದನ್ನು ಓದಿದ ರೀತಿಯಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ಅರ್ಥ. ಪುಸ್ತಕ ಸುಮ್ಮನಿರುವ ಕಡೆ ನಾನು ಮೊದಲು ನೋಡುವುದು ಇದನ್ನೇ.

ಬೆಣ್ಣೆ ಪ್ರಯೋಗ

ಡಿಎಂಗೂ ಇದು ಗೊತ್ತಾಯಿತು. ಒಂದು ಭಾನುವಾರ ಆಟಕ್ಕೆ ಮೊದಲೇ ಹೇಳಿದರು: “ಇನ್ಮೇಲೆ ಗ್ರೀಸ್ ಹತ್ತಲ್ಲ ಕಣ್ರೋ.” ವಿಝರ್ಡ್ ಒಪ್ಪಲಿಲ್ಲ. ಅವನ ವಾದ ಸರಳ: ಸಾಮಗ್ರಿ ಬೆಣ್ಣೆ, ಬೆಣ್ಣೆ ಉರಿಯುತ್ತದೆ, ಹಾಗಾಗಿ ಗ್ರೀಸ್ ಉರಿಯುತ್ತದೆ. ಕ್ಲೆರಿಕ್ ಅಕ್ಕ ಅಡುಗೆಮನೆ ಬಲ್ಲವರು. “ಬೆಣ್ಣೆಗೆ ಕಡ್ಡಿ ಗೀರಿ ನೋಡಿದೀಯಾ ಯಾವತ್ತಾದ್ರೂ?” ಅಂದರು. ಅವನೂ ಬಿಡಲಿಲ್ಲ: “ಹಾಸನಾಂಬೆ ಗುಡಿ ದೀಪ ಬಾಗಿಲು ಹಾಕಿದ್ಮೇಲೂ ವರ್ಷ ಪೂರ್ತಿ ಉರಿಯುತ್ತೆ ಅಂತಾರೆ. ನಂದು ಒಂದು ನಿಮಿಷ ಉರೀಬಾರ್ದಾ ಅಕ್ಕಾ?”

ಎಲ್ಲರೂ ನಕ್ಕರು. ನಕ್ಕು ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವರು ಎದ್ದು ಅಡುಗೆಮನೆಗೇ ಹೋದರು. ಸ್ಟೀಲ್ ತಟ್ಟೆಯಲ್ಲಿ ಒಂದು ಉಂಡೆ ಬೆಣ್ಣೆ ಇಟ್ಟು ಕಡ್ಡಿ ಗೀರಿದರು. ಬೆಣ್ಣೆ ಕರಗಿತು, ಹತ್ತಲಿಲ್ಲ. ಇನ್ನೊಂದು ಕಡ್ಡಿಗೂ ಅಷ್ಟೇ. ಆ ಮನೆಯ ಅಮ್ಮ ಬಂದು, “ರೊಟ್ಟಿಗೆ ಅಂತ ಇಟ್ಟಿದ್ನಲ್ರಪ್ಪಾ” ಅಂತ ತಟ್ಟೆ ಎತ್ತಿಕೊಂಡು ಹೋದರು.

ಬೆಣ್ಣೆ ಹಾಗೆ ಹತ್ತದಿರುವುದು ಆಶ್ಚರ್ಯವೇನಲ್ಲ. ಅದರಲ್ಲಿ ಸುಮಾರು ಆರನೇ ಒಂದು ಭಾಗ ನೀರೇ ಇರುತ್ತದೆ. ಜಿಡ್ಡು ಚೆನ್ನಾಗಿ ಕಾದು ಆವಿಯಾದ ಮೇಲೆ ಬೆಂಕಿ ಹಿಡಿಯುವುದು. ದೀಪದಲ್ಲಿ ಆ ಕೆಲಸ ಮಾಡುವುದು ಬತ್ತಿ. ಅಷ್ಟಕ್ಕೆ ವಿಝರ್ಡ್ ಸೋತನಾ? ಇಲ್ಲ. “ಫೈರ್ ಬೋಲ್ಟ್ ಬೆಂಕಿಕಡ್ಡಿಗಿಂತ ಬಿಸಿ” ಅಂದ. ಎಷ್ಟು ಬಿಸಿ? ಪುಸ್ತಕದಲ್ಲಿಲ್ಲ. ಗುಹೆಯ ಕಲ್ಲು ಎಷ್ಟು ತಣ್ಣಗಿದೆ? ಅದೂ ಇಲ್ಲ. ಮಾಂತ್ರಿಕ ಜಿಡ್ಡಿನಲ್ಲಿ ನೀರು ಎಷ್ಟು? ಹೀಗೆ ಎಳೆಯುತ್ತಾ ಹೋದರೆ ಬಾಯಿ ಜೋರಿದ್ದವರೇ ಗೆಲ್ಲುವುದು.

ಈ ತರದ ವಾದ ಮಾಡುವವರನ್ನು ಸುಮ್ನೆ ಲಾಭಕೋರರು ಅನ್ನಬೇಡಿ. ಆಟದ ಹಳೆಯ ಪುಸ್ತಕಗಳೇ ಈ ಅಭ್ಯಾಸ ಕಲಿಸಿದ್ದವು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಫೈರ್‌ಬಾಲ್ ಕೋಣೆಯ ಆಕಾರಕ್ಕೆ ತಕ್ಕಂತೆ ತುಂಬಿಕೊಳ್ಳುತ್ತಿತ್ತು. ಕೋಣೆ ಚಿಕ್ಕದಾದರೆ ಬೆಂಕಿ ಓಣಿಯುದ್ದಕ್ಕೂ ನುಗ್ಗಿ ಹಾಕಿದವರನ್ನೇ ಸುಡುತ್ತಿತ್ತು. ಲೈಟ್‌ನಿಂಗ್ ಬೋಲ್ಟ್ ಗೋಡೆಗೆ ಬಡಿದು ವಾಪಸ್ ಬರುತ್ತಿತ್ತು. ಐದನೇ ಆವೃತ್ತಿ ಆ ಭೌತಶಾಸ್ತ್ರವನ್ನೆಲ್ಲ ಕೈಬಿಟ್ಟಿದೆ. ಈಗ ಫೈರ್‌ಬಾಲ್ ಅಂದರೆ 20 ಅಡಿ ತ್ರಿಜ್ಯ, 8ಡಿ6. ಸ್ಪೆಲ್ ತನ್ನ ಬರಹದಲ್ಲಿ ಏನು ಹೇಳುತ್ತದೋ ಅಷ್ಟನ್ನೇ ಮಾಡುತ್ತದೆ ಅಂತ ಓದುವ ಕಾಲ ಇದು. ವಿಝರ್ಡ್ ಹೊಸ ಪುಸ್ತಕವನ್ನು ಹಳೆಯ ಕಣ್ಣಲ್ಲಿ ಓದುತ್ತಿದ್ದ.

ಕೊನೆಗೆ ಮತ ಹಾಕಿದರು. ವಿಝರ್ಡ್, ರೋಗ್ ಇಬ್ಬರೂ ಹತ್ತಬೇಕು ಅಂದರು. ಕ್ಲೆರಿಕ್ ಬೇಡ ಅಂದರು. ಫೈಟರ್ “ನಿಮಗೆ ಹೇಗೆ ಬೇಕೋ ಹಾಗೆ ಮಾಡ್ರಿ, ಆಟ ಶುರು ಮಾಡೋಣ” ಅಂದಳು. ಡಿಎಂ ಮತ ಹಾಕಲಿಲ್ಲ. ಎರಡು-ಒಂದರಲ್ಲಿ ಬೆಂಕಿ ಉಳಿಯಿತು. ಬೆಂಕಿಯಿಂದ ಲಾಭ ಇದ್ದ ಇಬ್ಬರೇ ಅದಕ್ಕೆ ಮತ ಹಾಕಿದ್ದು ಅನ್ನುವುದನ್ನು ಆವತ್ತು ಯಾರೂ ಗಮನಿಸಲಿಲ್ಲ. ಒಂದು ಸ್ಪೆಲ್ ಏನು ಮಾಡುತ್ತದೆ ಅನ್ನುವುದು ಮತಕ್ಕೆ ಹಾಕುವ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ. ಯಾವ ತರದ ಕಥೆ ಬೇಕು, ಎಷ್ಟು ಹೊತ್ತು ಆಡಬೇಕು, ಅದಕ್ಕೆಲ್ಲ ಮತ ಹಾಕಲಿ.

ಹಾಬ್‌ಗಾಬ್ಲಿನ್‌ನ ಸರದಿ

ಮತ ಸೋತ ಡಿಎಂ ಇನ್ನೊಂದು ದಾರಿ ಹಿಡಿದರು. ಲೋಕದ ನಿಯಮ ಎಲ್ಲರಿಗೂ ಒಂದೇ ಅಲ್ವಾ? ಹಾಗಾದರೆ ಶತ್ರುವೂ ಅದನ್ನೇ ಮಾಡಲಿ. ಮುಂದಿನ ಆಟದಲ್ಲಿ ಹಾಬ್‌ಗಾಬ್ಲಿನ್ (ಗಾಬ್ಲಿನ್‌ಗಳ ದೊಡ್ಡ ಜಾತಿ) ಪಡೆಯ ಜೊತೆ ಒಬ್ಬ ಮಾಂತ್ರಿಕನೂ ಬಂದ. ಗುಂಪಿನ ಕಾಲ ಕೆಳಗೆ ಗ್ರೀಸ್ ಹಾಕಿದ, ಪಕ್ಕದವನು ಪಂಜು ಎಸೆದ.

ಪಾಠ ಕಲಿಸಬೇಕಿದ್ದದ್ದು ವಿಝರ್ಡ್‌ಗೆ. ಆದರೆ ವಿಝರ್ಡ್ ಯಾವಾಗಲೂ ಹಿಂದೆ ನಿಲ್ಲುವವನು. ಮುಂದೆ ನಿಲ್ಲುವುದು ಫೈಟರ್. ಅವಳು ಜಾರಿ ಬಿದ್ದಳು, ಏಟು ತಿಂದಳು, ಬೆಂಕಿಯ ನಡುವೆ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಲೆಕ್ಕ, ಸೊನ್ನೆಗೆ ಬಂತು.

ಸೊನ್ನೆಗೆ ಬಂದವರು ತಮ್ಮ ಪ್ರತಿ ಸರದಿಯ ಶುರುವಿನಲ್ಲಿ ಡೆತ್ ಸೇವ್ ಹಾಕಬೇಕು. ಹತ್ತು ಅಥವಾ ಮೇಲೆ ಬಿದ್ದರೆ ಒಂದು ಗೆಲುವು, ಕೆಳಗೆ ಬಿದ್ದರೆ ಒಂದು ಸೋಲು. ಮೂರು ಸೋಲಿಗೆ ಸಾವು. ಸೊನ್ನೆಯಲ್ಲಿದ್ದಾಗ ಮೈಗೆ ಡ್ಯಾಮೇಜ್ ತಾಗಿದರೆ ಅದೂ ಒಂದು ಸೋಲೇ. ಈ ಟೇಬಲ್‌ನ ಬೆಂಕಿ ಸುಡುವುದೂ ಸರದಿಯ ಶುರುವಿನಲ್ಲೇ. ಆ ಎರಡು ನಿಯಮ ಸೇರಿದರೆ ಏನಾಗುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಅವಳ ಸರದಿ ಬಂತು. ಬೆಂಕಿಗೆ ಒಂದು ಸೋಲು. ದಾಳ ಹಾಕಿದಳು, ಹತ್ತಕ್ಕಿಂತ ಕೆಳಗೆ. ಎರಡು ಸೋಲು.

ಕ್ಲೆರಿಕ್‌ನ ಸ್ಲಾಟ್ ಎಲ್ಲಾ ಆಗಲೇ ಖರ್ಚಾಗಿತ್ತು. ರೋಗ್ ಅವಳನ್ನು ಎಳೆಯಲು ಹೋಗಿ ಅಂಚಿನಲ್ಲೇ ಜಾರಿ ಬಿದ್ದ. ಆಗ ವಿಝರ್ಡ್ ವಾದಕ್ಕೆ ನಿಂತ. ಹಾಬ್‌ಗಾಬ್ಲಿನ್‌ಗೆ ಈ ಉಪಾಯ ಹೇಗೆ ಗೊತ್ತು? ಬೆಣ್ಣೆ ಇಷ್ಟು ಹೊತ್ತು ಉರಿಯುತ್ತಾ? ಪಂಜಿನ ಬೆಂಕಿ ಫೈರ್ ಬೋಲ್ಟ್‌ನಷ್ಟು ಬಿಸಿ ಇರುತ್ತಾ? ಕಡ್ಡಿಗೆ ಹತ್ತಲಿಲ್ಲ ಅಂತ ನೀವೇ ತೋರಿಸಿದ್ರಲ್ಲಾ? ಡಿಎಂಗೆ ರೇಗಿತು. ಮತ ಹಾಕಿ ಗೆದ್ದಿದ್ದು ನೀನೇ ಅಂದರು. ಮಾತು ಅರ್ಧ ಗಂಟೆ ಎಳೆಯಿತು. ತಮಾಷೆ ನೋಡಿ, ಬೆಂಕಿ ಹತ್ತಬೇಕು ಅಂದವನು ಈಗ ಹತ್ತಬಾರದು ಅನ್ನುತ್ತಿದ್ದ. ಹತ್ತಬಾರದು ಅಂದವರು ಹತ್ತಲೇಬೇಕು ಅನ್ನುತ್ತಿದ್ದರು.

ಕೊನೆಗೆ ಡಿಎಂ ಆಟ ಮುಂದುವರಿಸಿದರು. ಫೈಟರ್‌ನ ಸರದಿ ಮತ್ತೆ ಬಂತು. ಬೆಂಕಿಗೆ ಮೂರನೇ ಸೋಲು. ಈ ಸಲ ಅವಳ ಕೈಗೆ ದಾಳವೇ ಬರಲಿಲ್ಲ, ಅದಕ್ಕೆ ಮೊದಲೇ ಸತ್ತಾಗಿತ್ತು. ಮೂರನೇ ಲೆವೆಲ್‌ನ ಕ್ಲೆರಿಕ್‌ಗೆ ಬದುಕಿಸುವ ಸ್ಪೆಲ್ ಇಲ್ಲ. ರಿವಿವಿಫೈ ಸಿಗುವುದು ಐದನೇ ಲೆವೆಲ್‌ನಲ್ಲಿ, ಅದೂ 300 ಚಿನ್ನದ ನಾಣ್ಯದ ವಜ್ರ ಇದ್ದರೆ. ಅವಳು ‘ಸರಿ’ ಅಂದು ಬ್ಯಾಗ್ ತೆಗೆದುಕೊಂಡು ಹೊರಟಳು.

ಮುಂದಿನ ಭಾನುವಾರದ ಹೊತ್ತಿಗೆ ಹಾಸನಾಂಬೆ ದರ್ಶನ ಶುರುವಾಗಿತ್ತು. ಹಾಸನದವರಿಗೆ ಗೊತ್ತು, ಆಶ್ವಯುಜದಲ್ಲಿ ಗುಡಿಯ ಬಾಗಿಲು ತೆರೆದರೆ ದೀಪಾವಳಿ ಕಳೆಯುವವರೆಗೆ ಊರು ಊರಾಗಿರುವುದಿಲ್ಲ. ರಸ್ತೆ ತುಂಬ ಜನ, ಮನೆ ತುಂಬ ನೆಂಟರು. ಆಟ ನಿಂತಿತು. ಎದುರಾಬದುರು ಕೂತು ಮಾತಾಡಬೇಕಿದ್ದ ಜಗಳ ವಾಟ್ಸಾಪ್‌ಗೆ ಹೋಯಿತು. ವಿಝರ್ಡ್ ಪುಟಗಳ ಫೋಟೋ ಹಾಕಿದ. ಡಿಎಂ ಉದ್ದುದ್ದ ಉತ್ತರ ಬರೆದರು. ಫೈಟರ್ ಒಂದಕ್ಕೂ ಉತ್ತರಿಸಲಿಲ್ಲ, ಒಂದು ದಿನ ಗುಂಪಿನಿಂದ ಹೊರಬಂದಳು. ಗಾಬರಿಯಾದ ಡಿಎಂ ಅವಳಿಗೆ ಸಂದೇಶ ಕಳಿಸಿದರು: ಆ ರಾತ್ರಿ ನಡೆದೇ ಇಲ್ಲ ಅಂದುಕೊಳ್ಳೋಣ, ನಿನ್ನ ಪಾತ್ರ ಬದುಕಿದೆ. ಅದಕ್ಕೂ ಉತ್ತರ ಬರಲಿಲ್ಲ.

ಬೇಲೂರಿನಲ್ಲಿ

ನಾನು ಬಂದದ್ದು ಇಲ್ಲಿಗೆ. ಯಾರದೋ ಮನೆಯಲ್ಲಿ ಕೂರುವುದು ಬೇಡ ಅಂದೆ. ಮನೆಯವರ ಮುಂದೆ ಜನ ಬಿಟ್ಟುಕೊಡುವುದಿಲ್ಲ. ಬೇಲೂರು ಇಬ್ಬರಿಗೂ ನಡುವೆ. ಚಿಕ್ಕಮಗಳೂರಿನಿಂದ ಸುಮಾರು 25 ಕಿಲೋಮೀಟರ್, ಹಾಸನದಿಂದ 40ರ ಹತ್ತಿರ. ಒಂದು ಹೋಟೆಲ್‌ನ ಮೂಲೆ ಟೇಬಲ್ ಹಿಡಿದೆವು. ಡಿಎಂ, ವಿಝರ್ಡ್, ಕ್ಲೆರಿಕ್ ಬಂದಿದ್ದರು. ರೋಗ್‌ಗೆ ಕೆಲಸ ಇತ್ತಂತೆ. ಫೈಟರ್ ಬರುವುದಿಲ್ಲ ಅಂತ ಗೊತ್ತಿತ್ತು.

ಮೊದಲು ಪುಸ್ತಕ. ಗ್ರೀಸ್ ಒಂದನ್ನೇ ಓದಿದರೆ ಉತ್ತರ ಸಿಗುವುದಿಲ್ಲ, ಅದರ ಅಕ್ಕಪಕ್ಕದವುಗಳನ್ನೂ ಓದಬೇಕು. ವೆಬ್ ಅನ್ನುವ ಎರಡನೇ ಹಂತದ ಸ್ಪೆಲ್ ತೆಗೆಸಿದೆ. ಜೇಡರ ಬಲೆ ಹಾಕುವ ಸ್ಪೆಲ್ ಅದು. ಬಲೆಗೆ ಬೆಂಕಿ ಹತ್ತುತ್ತದೆ ಅಂತ ಅಲ್ಲಿ ನೇರವಾಗಿ ಬರೆದಿದೆ. ಬೆಂಕಿ ತಾಗಿದ 5 ಅಡಿ ಭಾಗ ಒಂದು ಸುತ್ತಿನಲ್ಲಿ ಸುಟ್ಟುಹೋಗುತ್ತದೆ, ಅದರಲ್ಲಿ ಸರದಿ ಶುರುಮಾಡಿದವರಿಗೆ 2ಡಿ4. ಅಂದರೆ ಸ್ಪೆಲ್‌ನಿಂದ ಬಂದದ್ದು ಉರಿಯಬೇಕಾದರೆ ಅದನ್ನು ಬರೆಯುವುದು ಈ ಪುಸ್ತಕದ ಅಭ್ಯಾಸ. ಎಷ್ಟು ಸುಡುತ್ತದೆ, ಎಷ್ಟು ಹೊತ್ತು ಅನ್ನುವುದೂ ಜೊತೆಗೇ ಇರುತ್ತದೆ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟಿದ್ದರೆ, ಬಿಟ್ಟದ್ದಕ್ಕೂ ಅರ್ಥ ಇದೆ.

ಆಮೇಲೆ ಸಾಮಾನುಗಳ ಪಟ್ಟಿ. ಇದನ್ನು ಮೂವರಲ್ಲಿ ಯಾರೂ ನೋಡಿರಲಿಲ್ಲ. ಎಣ್ಣೆಯ ಒಂದು ಫ್ಲಾಸ್ಕ್‌ಗೆ ಒಂದು ಬೆಳ್ಳಿ ನಾಣ್ಯ. ಸಮತಟ್ಟಾದ ನೆಲಕ್ಕೆ ಸುರಿದರೆ 5 ಅಡಿ ಚೌಕ ತುಂಬುತ್ತದೆ. ಬೆಂಕಿ ಇಟ್ಟರೆ ಎರಡು ಸುತ್ತು ಉರಿದು, ಒಳಗೆ ಬಂದವರಿಗೆ ಅಥವಾ ಸರದಿ ಅಲ್ಲೇ ಮುಗಿಸಿದವರಿಗೆ 5 ಡ್ಯಾಮೇಜ್, ಒಂದು ಸರದಿಗೆ ಒಂದೇ ಸಲ. ಉರಿಯುವ ನೆಲಕ್ಕೆ ಪುಸ್ತಕ ಮೊದಲೇ ಬೆಲೆ ಕಟ್ಟಿದೆ! ಗ್ರೀಸ್‌ನ 10 ಅಡಿ ಚೌಕ ತುಂಬಲು ನಾಲ್ಕು ಫ್ಲಾಸ್ಕ್, ನಾಲ್ಕು ಬೆಳ್ಳಿ ನಾಣ್ಯ, ಮೇಲೆ ಸುರಿಯಲು ಹಿಡಿಯುವ ಸಮಯ.

ವಿಝರ್ಡ್ ಪಟ್ಟಿಯನ್ನು ಎರಡು ಸಲ ಓದಿದ. “ಹಂಗಾದ್ರೆ ಗ್ರೀಸ್ ಮೇಲೆ ಎಣ್ಣೆ ಎಸೆದು ಹಚ್ಚಬಹುದಾ?” ಅಂದ. ಡಿಎಂ ಒಪ್ಪಿದರು. ನನಗೆ ಇಷ್ಟವಾದ ಗಳಿಗೆ ಅದು. ಹುಡುಗನಿಗೆ ಬೇಕಿದ್ದದ್ದು ಬೆಂಕಿ, ಪುಕ್ಕಟೆ ಬೆಂಕಿಯೇ ಆಗಬೇಕು ಅಂತ ಹಟ ಇರಲಿಲ್ಲ.

ಆದರೆ ಅಲ್ಲಿಗೆ ಪ್ರಕರಣ ಮುಗಿಯಲಿಲ್ಲ. ಗ್ರೀಸ್ ಹತ್ತುವುದಿಲ್ಲ ಅಂತ ಒಪ್ಪಿದ ಕೂಡಲೇ ಡಿಎಂ, “ಹಾಗಾದ್ರೆ ಅವಳು ಸತ್ತಿಲ್ಲ, ತಿದ್ದಿಬಿಡೋಣ” ಅಂದರು. ನಾನು ತಡೆದೆ. ಪುಸ್ತಕ ಏನು ಹೇಳುತ್ತದೆ ಅನ್ನುವುದು ಒಂದು ಪ್ರಶ್ನೆ. ಈ ಟೇಬಲ್ ಇಷ್ಟು ದಿನ ಯಾವ ನಿಯಮದ ಮೇಲೆ ನಡೆಯಿತು ಅನ್ನುವುದು ಬೇರೆ ಪ್ರಶ್ನೆ. ಡಕಾಯಿತರ ನಾಯಕ ಸತ್ತದ್ದೂ ಅದೇ ಬೆಂಕಿಯಲ್ಲಿ. ಒಂದು ಸಾವು ಅಳಿಸಿ ಇನ್ನೊಂದನ್ನು ಉಳಿಸಿಕೊಳ್ಳಲು ಆಗುತ್ತದಾ? ಕ್ಲೆರಿಕ್ ಅಕ್ಕ ಆಗ ಹೇಳಿದರು: “ನಾವು ನಾವೇ ಮಾತಾಡ್ತಿದೀವಿ. ಅವಳನ್ನ ಕೇಳಿದೀವಾ?”

ಅಕ್ಕನೇ ಫೋನ್ ಮಾಡಿದರು. ‘ವಾಪಸ್ ಬಾ’ ಅನ್ನಲಿಲ್ಲ. ಏನು ಬೇಜಾರಾಯ್ತು ಅಂತ ಕೇಳಿದರು, ಅಷ್ಟೇ. ಅವಳು ಹೇಳಿದ್ದನ್ನು ಅಕ್ಕ ಆಮೇಲೆ ನಮಗೆ ಒಪ್ಪಿಸಿದರು: “ಸತ್ತಿದ್ದಕ್ಕೆ ಬೇಜಾರಿಲ್ಲ ಅಕ್ಕಾ. ನಾನು ಸಾಯ್ತಾ ಬಿದ್ದಿದ್ದೆ, ನೀವೆಲ್ಲಾ ಅರ್ಧ ಗಂಟೆ ಬೆಣ್ಣೆ ಬಗ್ಗೆ ಮಾತಾಡಿದ್ರಿ. ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ.”

ಟೇಬಲ್ ಸುತ್ತ ಮಾತು ನಿಂತಿತು. ನಾವು ಓದಿದ ವೆಬ್, ಎಣ್ಣೆ, ಹಂತದ ಲೆಕ್ಕ ಎಲ್ಲವೂ ಸರಿಯಾಗಿತ್ತು. ಅವಳ ದೂರಿಗೆ ಅದರಲ್ಲಿ ಒಂದೂ ಉತ್ತರ ಅಲ್ಲ. ಆ ರಾತ್ರಿ ಡಿಎಂ ಒಂದೇ ನಿಮಿಷದಲ್ಲಿ ಹತ್ತುತ್ತೆ ಅಂದಿದ್ದರೂ, ಹತ್ತಲ್ಲ ಅಂದಿದ್ದರೂ ಅವಳು ಆಟ ಬಿಡುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ತಪ್ಪು ತೀರ್ಮಾನವನ್ನು ಜನ ಸಹಿಸುತ್ತಾರೆ. ತಮ್ಮ ಪಾತ್ರದ ಕೊನೆಯ ಗಳಿಗೆಯನ್ನು ಬೇರೆಯವರು ಚರ್ಚಾಕೂಟ ಮಾಡಿಕೊಂಡರೆ ಸಹಿಸುವುದು ಕಷ್ಟ. ಮತ ಹಾಕುವಾಗ “ಆಟ ಶುರು ಮಾಡೋಣ” ಅಂದವಳು ಅವಳೇ ಅಲ್ವಾ. ಸುಳಿವು ಆಗಲೇ ಕೊಟ್ಟಿದ್ದಳು.

ಏನು ಬದಲಾಯಿತು

ಆ ಸಂಜೆ ಮೂರು ವಿಷಯ ತೀರ್ಮಾನವಾಯಿತು. ಗ್ರೀಸ್ ಇನ್ನು ಮುಂದೆ ಹತ್ತುವುದಿಲ್ಲ, ಹಿಂದೆ ಆದದ್ದು ಹಾಗೇ ಇರುತ್ತದೆ. ಆಟದ ನಡುವೆ ನಿಯಮದ ಅನುಮಾನ ಬಂದರೆ ಡಿಎಂ ಆಗಿಂದಾಗಲೇ ಒಂದು ಮಾತು ಹೇಳುತ್ತಾರೆ, ಅದು ಆ ದಿನಕ್ಕೆ ಮಾತ್ರ. ವಾದ ಏನಿದ್ದರೂ ಆಟ ಮುಗಿದ ಮೇಲೆ. ಹಾಗೆ ಮಾತಾಡಿ ಒಪ್ಪಿದ್ದನ್ನು ಒಂದು ನೋಟ್‌ಬುಕ್‌ನಲ್ಲಿ ‘ಖಾಯಂ’ ಅಂತ ಬರೆಯುವುದು. ಬರೆಯದೇ ಇದ್ದದ್ದು ಮುಂದಿನ ವಾರಕ್ಕೆ ಲೆಕ್ಕಕ್ಕಿಲ್ಲ.

ನಾನು ಒತ್ತಾಯ ಮಾಡಿ ಸೇರಿಸಿದ್ದು ಇನ್ನೊಂದಿದೆ. ವಿಝರ್ಡ್ ಮೂರನೇ ಲೆವೆಲ್‌ಗೆ ಬಂದಾಗ ವೆಬ್ ಕಲಿಯಬಹುದಿತ್ತು. ಗ್ರೀಸ್ ಉರಿಯುವಾಗ ಅದು ಯಾಕೆ ಅಂತ ಬಿಟ್ಟಿದ್ದ. ಡಿಎಂ ಮಾತು ನಂಬಿ ಮಾಡಿದ ಆಯ್ಕೆ ಅದು. ಮಾತು ಬದಲಾದರೆ ಆಯ್ಕೆ ಬದಲಿಸಲೂ ಬಿಡಬೇಕು. ಬಿಟ್ಟರು. ಅವನು ಗ್ರೀಸ್ ತೆಗೆದು ವೆಬ್ ಬರೆದುಕೊಂಡ. ಹಂತದ ಲೆಕ್ಕದಲ್ಲಿ ಇದು ಸ್ವಲ್ಪ ಉದಾರವೇ. ಆದರೆ ಇದಿಲ್ಲದೆ ಅವನ ಮುಖದ ಗಂಟು ಬಿಡುತ್ತಿರಲಿಲ್ಲ.

ಫೈಟರ್ ಕೆಲವು ವಾರ ಬಿಟ್ಟು ಬಂದಳು. ಪಾತ್ರವನ್ನು ಬದುಕಿಸುವುದು ಬೇಡ ಅಂದಳು. ರೇಂಜರ್ ಒಬ್ಬಳನ್ನು ಮಾಡಿಕೊಂಡಳು, ಬಿಲ್ಲು ಹಿಡಿದು ದೂರ ನಿಲ್ಲುವವಳು. ವಿಝರ್ಡ್‌ನ ಜೊತೆ ಈಗಲೂ ಮೊದಲಿನಷ್ಟು ಮಾತಿಲ್ಲ. ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ.

ಹೊಸ ಪದ್ಧತಿಗೆ ಮೊದಲ ಪರೀಕ್ಷೆ ಬಂದದ್ದು ಕ್ಲೆರಿಕ್ ಅಕ್ಕನಿಂದಲೇ! ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ ಸ್ಪೆಲ್ 10 ಗ್ಯಾಲನ್ ನೀರು ಹುಟ್ಟಿಸುತ್ತದೆ. ಅದನ್ನು ಓಗರ್ ಅನ್ನುವ ದೈತ್ಯನ ಶ್ವಾಸಕೋಶದೊಳಗೆ ಹುಟ್ಟಿಸಬಹುದಾ ಅಂತ ಕೇಳಿದರು. ಪ್ರಪಂಚದ ಎಲ್ಲಾ ಟೇಬಲ್‌ಗೂ ಒಂದಲ್ಲ ಒಂದು ದಿನ ಬರುವ ಪ್ರಶ್ನೆ ಇದು. ಬರಹದಲ್ಲಿ ತೆರೆದ ಪಾತ್ರೆ ಅಂತಿದೆ. ಡಿಎಂ ಆಗಲ್ಲ ಅಂದರು, ಆಟ ಮುಂದೆ ಹೋಯಿತು. ಮುಗಿದ ಮೇಲೆ ಅಕ್ಕ ಪುಸ್ತಕ ತೆಗೆಯಲೇ ಇಲ್ಲ. “ಹಾಬ್‌ಗಾಬ್ಲಿನ್ ನಂಗೆ ಅದನ್ನ ಮಾಡಿದ್ರೆ ಒಪ್ತಿರ್ಲಿಲ್ಲ ಬಿಡು” ಅಂದರು. ನೋಟ್‌ಬುಕ್‌ನಲ್ಲಿ ಒಂದು ಸಾಲು, ಅಷ್ಟೇ.

ಸಜೆಶನ್ ಸ್ಪೆಲ್‌ಗೆ ಮಾತ್ರ ನೋಟ್‌ಬುಕ್ ಸಾಲುತ್ತಿಲ್ಲ. ಒಂದೆರಡು ವಾಕ್ಯದಲ್ಲಿ ಒಂದು ಸಲಹೆ ಕೊಡಬೇಕು, ಕೇಳಿದವರಿಗೆ ಅದು ಸರಿ ಅನ್ನಿಸುವಂತಿರಬೇಕು, ಅವರಿಗೇ ಅಪಾಯ ತರುವಂಥದ್ದು ಆಗಿರಬಾರದು. ಯಾರಿಗೆ ಯಾವುದು ಸರಿ ಅನ್ನಿಸುತ್ತದೆ ಅಂತ ಮೊದಲೇ ಬರೆದಿಡುವುದು ಹೇಗೆ? ಮೇಲೆ ನಮ್ಮ ಕನ್ನಡ ಬೇರೆ. ‘ಬಾಗಿಲು ತೆಗೆದು, ಕೀಲಿ ಕೊಟ್ಟು, ಕುದುರೆ ಬಿಚ್ಚಿ, ಮನೆಗೆ ಹೋಗಿ, ಊಟ ಮಾಡಿ ಮಲಗು’ ಅಂತ ರೋಗ್ ಕಾವಲುಗಾರನನ್ನು ಒಂದೇ ವಾಕ್ಯದಲ್ಲಿ ಊರೆಲ್ಲಾ ಸುತ್ತಿಸಿದ. ಇದನ್ನು ಪ್ರತಿ ಸಲ ಆವತ್ತಿನ ಮಟ್ಟಿಗೆ ತೀರ್ಮಾನಿಸುತ್ತಿದ್ದಾರೆ. ಖಾಯಂ ಆಗದ ವಿಷಯವೂ ಇರುತ್ತದೆ ಅಂತ ಒಪ್ಪಿಕೊಂಡಿದ್ದಾರೆ.

ಗ್ರೀಸ್ ವಿಷಯ ಕೂಡ ಪೂರ್ತಿ ಮುಗಿದಿಲ್ಲ. ರೋಗ್ ಈಚೆಗೆ 2024ರ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ತಂದ. ಅದರಲ್ಲಿ ಗ್ರೀಸ್‌ನ ಬರಹ ಬದಲಾಗಿದೆ, ಈ ಜಿಡ್ಡಿಗೆ ಬೆಂಕಿ ಹತ್ತುವುದಿಲ್ಲ ಅಂತ ಸ್ಪಷ್ಟವಾಗಿ ಸೇರಿಸಿದ್ದಾರೆ. ಡಿಎಂ ಖುಷಿಯಿಂದ ಆ ಪುಟ ತೋರಿಸಿದರು. ವಿಝರ್ಡ್ ಓದಿ, ಸ್ವಲ್ಪ ಯೋಚಿಸಿ ಅಂದ: “ಈಗ ಹತ್ತಲ್ಲ ಅಂತ ಬರೆಯೋ ಅಗತ್ಯ ಬಂತು ಅಂದ್ರೆ, 2014ರಲ್ಲಿ ಹತ್ತುತ್ತಿತ್ತು ಅಂತಲೇ ಅಲ್ವಾ ಅಣ್ಣಾ?”

ಇದು ಸುಮ್ನೆ ತಳ್ಳಿಹಾಕುವ ವಾದ ಅಲ್ಲ. ತಿದ್ದುಪಡಿ ಬಂದರೆ ಅದು ಹೊಸ ನಿಯಮವೋ, ಹಳೆಯದರ ವಿವರಣೆಯೋ ಅಂತ ವಕೀಲರೂ ಹೊಡೆದಾಡುತ್ತಾರೆ. ಡಿಎಂ ಬಾಯಿ ತೆರೆಯುವ ಮೊದಲೇ ರೇಂಜರ್ ಗಡಿಯಾರ ತೋರಿಸಿದಳು. ಆಟ ಶುರುವಾಯಿತು. ಆ ವಾದ ರಾತ್ರಿ ಊಟದ ಹೊತ್ತಿಗೆ ಮುಂದೆ ಹೋಯಿತು, ಈಗಲೂ ನಡೆಯುತ್ತಿದೆಯಂತೆ.